ಅಕ್ಕುವಿನ ಎರಡನೆಯ ಮ್ಯಾಂಡೊಲಿನ್

ಕಾಪುವಿನ ಪಡುಬದಿಯಿಂದ ಮೀನಿನ ಬುಟ್ಟಿ ಹೊತ್ತು ಬೆಳಗಿನ ಬಸ್ಸಿಗೆ ಹೊರಡುವ ಹೆಂಗಸರಲ್ಲಿ ಅಕ್ಕು ಒಬ್ಬಳು. ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲ ದಾಟಿ ಪರ್ಕಳದಲ್ಲಿ ಇಳಿದರೆ ಅವಳ ಓಣಿಗಳು ಆರಂಭ. ಬಂಗುಡೆ, ಬೂತಾಯಿ ಎಂದು ಕೂಗುವ ಅಭ್ಯಾಸ ಅವಳಿಗಿಲ್ಲ. ಬುಟ್ಟಿ ಇಳಿಸುವ ಸದ್ದಿಗೇ ಬಾಗಿಲುಗಳು ತೆರೆಯುತ್ತವೆ. ಮೀನು ಬೇಡವೆಂದವರ ಮನೆಯಲ್ಲಿಯೂ ಒಂದು ಲೋಟ ನೀರು ಕುಡಿದು, ಎರಡು ಮಾತನಾಡಿ ಮುಂದೆ ಹೋಗುವವಳು.

ಅವಳ ತವರು ಎರ್ಮಾಳು. ಅಲ್ಲಿಯ ಕಡಲ ತಡಿಯ ಭಜನಾ ಮಂದಿರದಲ್ಲಿ ಅವಳ ಸೋದರಮಾವ ಬೂಬ ಪ್ರತಿ ಶನಿವಾರ ಸಂಜೆ ಮ್ಯಾಂಡೊಲಿನ್ ನುಡಿಸುತ್ತಿದ್ದ. ಹಗಲೆಲ್ಲ ಬಲೆ ಎಳೆದ ಕೈ ದೀಪದ ಎದುರು ತಂತಿಯ ಮೇಲೆ ಕುಳಿತಿತೆಂದರೆ ಬೇರೆಯೇ ಒಂದು ಕೈಯಾಗುತ್ತಿತ್ತು. ತೆಂಗಿನ ಗೆರಟೆಯನ್ನು ತೆಳ್ಳಗೆ ಉಜ್ಜಿ ಮಾಡಿಕೊಂಡ ಚೂರಿನಿಂದ ಮೇಲೆ ಕೆಳಗೆ ಎಡೆಬಿಡದೆ ಮೀಟಿ, ಒಂದೇ ಸ್ವರವನ್ನು ನಡುಗಿಸುತ್ತ ನಿಲ್ಲಿಸುತ್ತಿದ್ದ. ಗಂಡಸರು ಒಳಗೆ, ಹೆಂಗಸರು ಹೊರಗಿನ ಜಗಲಿಯಲ್ಲಿ. ಮೂಲೆಯ ಕಂಬಕ್ಕೆ ಕೆನ್ನೆ ಒತ್ತಿ ಕುಳಿತ ಹುಡುಗಿ ಅಕ್ಕುವಿಗೆ ಆ ನಡುಕ ಕಂಬದೊಳಗಿನಿಂದಲೇ ಬಂದಂತೆ ಕೇಳುತ್ತಿತ್ತು. ಒಮ್ಮೆ ಮುಟ್ಟಿ ನೋಡಲೇ ಎಂದು ಕೇಳಿದಳು. ಮಾವನಿಗೆ ಕೊಡುವ ಮನಸ್ಸಿತ್ತೋ ಏನೋ, ಅಷ್ಟರಲ್ಲಿ ಅಜ್ಜಿ ಗದರಿ, ಮೀನು ಒಣಗಿಸುವಲ್ಲಿಗೆ ಅಟ್ಟಿದಳು. ಮಾವ ತೀರಿಕೊಂಡ ಮೇಲೆ ಆ ವಾದ್ಯ ಮನೆಯ ಗೋಡೆಯಲ್ಲಿ ತೂಗಾಡಿಕೊಂಡಿತ್ತು. ಮುಟ್ಟಬಾರದೆಂಬ ಗೌರವದಿಂದ ಯಾರೂ ಮುಟ್ಟಲಿಲ್ಲ, ಗೆದ್ದಲು ಮುಟ್ಟಿತು. ಅಕ್ಕು ಮದುವೆಯಾಗಿ ಕಾಪುವಿಗೆ ಹೋಗಿ, ಬಾಣಂತನಕ್ಕೆ ತಿರುಗಿ ಬಂದಾಗ ಮೊಳೆಯಲ್ಲಿ ತಂತಿಗಳು ಮಾತ್ರ ನೇತಾಡುತ್ತಿದ್ದವು.

ಆಸೆ ಅಲ್ಲಿಗೆ ಮುಗಿದಿತ್ತು ಎಂದೇ ಅವಳು ತಿಳಿದಿದ್ದಳು. ಆದರೆ ಮಕ್ಕಳು ದೊಡ್ಡವರಾಗಿ ಅವಳ ತಲೆ ನರೆತ ಮೇಲೆ, ಪರ್ಕಳದ ಒಂದು ಬಾಡಿಗೆ ಕೋಣೆಯಲ್ಲಿ ಡೀನ್ ಎಂಬ ಗೋವೆಯ ವಿದ್ಯಾರ್ಥಿ ಬಂದು ನೆಲಸಿದ. ಮೀನಿಲ್ಲದೆ ಊಟ ಇಳಿಯದ ಹುಡುಗ. ಅವನ ಜಗಲಿಯಲ್ಲಿ ಬಂಗುಡೆ ಕತ್ತರಿಸುತ್ತ ಅಕ್ಕು ಒಳಗಿನ ಗೋಡೆಗೆ ಒರಗಿಸಿದ್ದ ಮ್ಯಾಂಡೊಲಿನನ್ನೇ ನೋಡುತ್ತಿದ್ದಳು. ಅವನೋ ಅದನ್ನು ತಂದ ಹೊಸತರಲ್ಲಿ ನಾಲ್ಕು ದಿನ ಕೆರೆದು ಬಿಟ್ಟಿದ್ದ. ಓದು ಮುಗಿದು ಊರಿಗೆ ಹೊರಟಾಗ ನೆರೆಕೋಣೆಯವರಿಗೆ ಚಾಪೆ, ಬಕೆಟು, ಇಸ್ತ್ರಿಪೆಟ್ಟಿಗೆ ಹಂಚಿ, ಮ್ಯಾಂಡೊಲಿನನ್ನು ತಂದು ಅವಳ ಖಾಲಿ ಬುಟ್ಟಿಯಲ್ಲಿಟ್ಟ. ಅಕ್ಕು ಬೇಡವೆನ್ನಲಿಲ್ಲ. ಸೆರಗಿನಿಂದ ಮುಚ್ಚಿ, ಮಗು ಹೊತ್ತವಳಂತೆ ಬಸ್ಸು ಹತ್ತಿದಳು.

ಕಲಿಸಿದವರು ಕಾರ್ಕಳದ ಬೆಂಜಮಿನ್. ಹಿಂದೆ ಮದುವೆಗಳಲ್ಲಿ ಬ್ಯಾಂಡ್ ನುಡಿಸುತ್ತಿದ್ದವರು, ಈಗ ಮನೆಯಲ್ಲೇ ಕುಳಿತು ಗಿಟಾರು, ಪಿಟೀಲು ರಿಪೇರಿ ಮಾಡುವವರು. ಸೋಮವಾರ ಎಷ್ಟೋ ಮನೆಗಳಲ್ಲಿ ಮೀನು ಮುಟ್ಟುವುದಿಲ್ಲವಾದ್ದರಿಂದ ಅಂದು ಅಕ್ಕುವಿಗೆ ಬಿಡುವು. ಬೆಂಜಮಿನ್ನರ ಮನೆಯಲ್ಲಿ ಸೋಮವಾರವೂ ಮೀನು ಬೇಯುತ್ತದೆ. ಹಾಗಾಗಿ ಒಂದು ಕಟ್ಟು ಮೀನಿಗೆ ಒಂದು ಪಾಠವೆಂದು ಮಾತಾಯಿತು. ಕತ್ತಿ ಹಿಡಿದು ಗಟ್ಟಿಯಾದ ಬೆರಳುಗಳಿಗೆ ತಂತಿಯ ಉರಿ ತಾಗಲಿಲ್ಲ. ಸರಳೆ ಬಂತು, ಎರಡು ಭಜನೆಗಳೂ ಬಂದವು. ಬಾರದೆ ಉಳಿದದ್ದು ಮಾವನ ಆ ನಡುಕ ಒಂದೇ. ಅವಳು ಮೀಟಿದರೆ ತಗಡಿನ ಮೇಲೆ ಹುರುಳಿ ಚೆಲ್ಲಿದ ಹಾಗಾಗುತ್ತಿತ್ತು.

ಅಷ್ಟರಲ್ಲಿ ಮಳೆಗಾಲ. ವಾದ್ಯದ ಬೆನ್ನಿಗೆ ಬೂಷ್ಟು ಹಿಡಿಯಿತು, ತಂತಿ ಬಿಗಿಯುವ ಬಿರಡೆಗಳು ತುಕ್ಕು ಹಿಡಿದವು. ಗೆದ್ದಲು ತಿಂದ ಮಾವನ ವಾದ್ಯವನ್ನು ಕಂಡವಳು ಇದನ್ನೂ ಹಾಗೆ ಬಿಡಲಾರದಾದಳು. ಮರಕ್ಕೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಳೆಯ ಆಟಿ ತಿಂಗಳಲ್ಲಿ ದಡಕ್ಕೆ ಎಳೆದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಗೇರೆಣ್ಣೆ ಬಳಿಯುವುದನ್ನು ನೋಡಿಯೇ ಬೆಳೆದವಳು. ಆ ಎಣ್ಣೆ ಕುಡಿದ ಹಲಗೆಗೆ ಉಪ್ಪು ಗಾಳಿಯೂ ಇಲ್ಲ, ಹುಳವೂ ಇಲ್ಲ. ಮ್ಯಾಂಡೊಲಿನ್ನಿಗೆ ಹೊರಗೆ ಎರಡು ಕೈ ಬಳಿದಳು. ಒಳಗೂ ರಕ್ಷೆ ಇರಲೆಂದು, ಕಡ್ಡಿಗೆ ಬಟ್ಟೆ ಸುತ್ತಿ ವಾದ್ಯದ ಎದೆಯ ತೂತಿನೊಳಗಿನಿಂದಲೂ ಧಾರಾಳವಾಗಿ ಸವರಿದಳು.

ಒಣಗಿದ ಮೇಲೆ ಮೀಟಿದರೆ ಸ್ವರವೇ ಇಲ್ಲ. ಬಾವಿಗೆ ಬಿದ್ದ ಕೊಡದ ಹಾಗೆ ಒಂದು ಸದ್ದು, ಅಷ್ಟೆ.

ಇದಾದದ್ದು ಏಕಾಹ ಭಜನೆ ಹತ್ತಿರ ಬಂದಿದ್ದಾಗ. ಎರ್ಮಾಳಿನ ಆ ಮಂದಿರದಲ್ಲಿ ಸೂರ್ಯೋದಯಕ್ಕೆ ದೀಪ ಹಚ್ಚಿದರೆ ಮರುದಿನದ ಸೂರ್ಯೋದಯದವರೆಗೆ ಹಾಡು ನಿಲ್ಲುವಂತಿಲ್ಲ. ತಂಡದ ಮೇಲೆ ತಂಡ ಬಂದು ತಾಳ ವಹಿಸಿಕೊಳ್ಳುತ್ತದೆ. ಈಗ ಹೆಂಗಸರಿಗೂ ಒಳಗೆ ಜಾಗವಿದೆ. ಕಾಪುವಿನ ಮಹಿಳಾ ತಂಡಕ್ಕೆ ಸಿಕ್ಕಿದ್ದು ಊಟವಾದ ಮೇಲಿನ ತೂಕಡಿಕೆಯ ಹೊತ್ತು. ತಂಡದ ಮುಂದಾಳು ಅಕ್ಕುವಿನ ಗಂಡನ ತಂಗಿ ಕುಶಲಾ. ಮಾವ ಕುಳಿತಿದ್ದ ದೀಪದ ಪಕ್ಕದಲ್ಲಿ ಕುಳಿತು ಮಾವನಂತೆ ಒಂದು ಸ್ವರವನ್ನಾದರೂ ನಡುಗಿಸಬೇಕು ಎಂಬ ಆಸೆಯನ್ನು ಅಕ್ಕು ಅವಳೊಬ್ಬಳಿಗೆ ಹೇಳಿದ್ದಳು. ಹೇಳದ ಮಾತೊಂದಿತ್ತು. ನಡುಕ ಬಾರದ್ದು ವಾದ್ಯದ ದೋಷವೋ ಕೈಯ ದೋಷವೋ ಎಂಬುದು ಅವಳಿಗೆ ತಿಳಿದಿರಲಿಲ್ಲ. ಒಳ್ಳೆಯ ವಾದ್ಯ ತಂದ ಮೇಲೂ ಬಾರದಿದ್ದರೆ ಮತ್ತೆ ಯಾವುದರ ಮೇಲೂ ತಪ್ಪು ಹೊರಿಸುವಂತಿಲ್ಲ.

ಸೋಮವಾರ ಬೆಂಜಮಿನ್ನರು ಕಪ್ಪಗೆ ಅಂಟಂಟಾಗಿದ್ದ ವಾದ್ಯವನ್ನು ತಿರುಗಿಸಿ ತಿರುಗಿಸಿ ನೋಡಿದರು, ಮೂಸಿದರು. ಆಮೇಲೆ ನಕ್ಕುಬಿಟ್ಟರು.

"ಇದನ್ನು ಕಡಲಿಗೆ ಇಳಿಸುವ ಅಂದಾಜು ಉಂಟಾ, ಅಕ್ಕು?"

"ತಮಾಷೆ ಬೇಡ ಪೊರ್ಬುಗಳೇ. ಹಾಳಾಗಬಾರದು ಅಂತ ಮಾಡಿದ್ದು."

ಆ ಕಡೆ ಕ್ರೈಸ್ತ ಹಿರಿಯರನ್ನು ಕರೆಯುವ ಹಾಗೆ ಅವಳು ಅವರನ್ನು ಪೊರ್ಬುಗಳೇ ಎಂದೇ ಕರೆಯುತ್ತಿದ್ದಳು. ಅವರು ನಗು ನಿಲ್ಲಿಸಿ, ತಂತಿ ಬಿಗಿದು ತಾವೇ ನುಡಿಸಿ ನೋಡಿದರು. ಅಷ್ಟು ಪಳಗಿದ ಕೈಗೂ ಅದು ಒಲಿಯಲಿಲ್ಲ. ಅಕ್ಕುವಿಗೆ ದುಃಖದೊಡನೆ ಒಂದು ಗುಟ್ಟಿನ ಸಮಾಧಾನವೂ ಆಯಿತು. ಮರ ಹಗುರಾಗಿ ಅಲುಗಾಡಿದರೆ ಮಾತ್ರ ಸ್ವರ, ಎಣ್ಣೆ ಕುಡಿದು ಭಾರವಾದ ಮರ ಅಲುಗುವುದಿಲ್ಲ ಎಂದು ಅವರು ತಿಳಿಸಿ ಹೇಳಿದರು. ಮೊದಲೇ ಅದು ಪ್ಲೈವುಡ್ಡಿನದು, ಬೇರೆ ನೋಡುವುದೇ ಒಳ್ಳೆಯದು ಎಂದರು. ನೋಡುವ ಕ್ರಮವನ್ನೂ ಕಲಿಸಿಕೊಟ್ಟರು: ಬಣ್ಣ ನೋಡಬಾರದು, ಒಂದು ತಂತಿಯನ್ನು ಮೀಟಿ, ಕಣ್ಣು ಮುಚ್ಚಿ, ಸ್ವರ ಎಲ್ಲಿಯವರೆಗೆ ಹೋಗುತ್ತದೆಂದು ಕೇಳಬೇಕು. ತಂತಿ ಮರದಿಂದ ತೀರ ಎತ್ತರದಲ್ಲಿರಬಾರದು, ಕಲಿಯುವ ಕೈ ಸೋಲುತ್ತದೆ.

ಮರುದಿನ ಬುಟ್ಟಿ ಖಾಲಿಯಾದ ಮೇಲೆ ಅವಳು ಲಿಂಬೆಹಣ್ಣಿನಲ್ಲಿ ಕೈ ತೊಳೆದು ಉಡುಪಿಯ ವಾದ್ಯದಂಗಡಿಗೆ ಹೋದಳು. ಅಲ್ಲಿ ಹೊಸ ಮ್ಯಾಂಡೊಲಿನೊಂದು ಮದುಮಗಳಂತೆ ಹೊಳೆಯುತ್ತಿತ್ತು. ಮೀಟಿ ಕಣ್ಣು ಮುಚ್ಚುವಷ್ಟರಲ್ಲಿ ಸ್ವರ ಮುಗಿದೇ ಹೋಯಿತು. ಎರಡನೆಯದು ವಿದ್ಯುತ್ತಿನದು. ಕಛೇರಿಗೆಲ್ಲ ಇದನ್ನೇ ಒಯ್ಯುವುದು ಎಂದು ಅಂಗಡಿಯಾತ ವಿನಯದಿಂದಲೇ ವಯರು ಸಿಕ್ಕಿಸಿ ತೋರಿಸಿದ. ಇಂಪಾಗಿತ್ತು, ಸುಳ್ಳು ಹೇಳಬಾರದು. ಆದರೆ ಸ್ವರ ಎದುರಿನ ಪೆಟ್ಟಿಗೆಯಿಂದ ಬಂತು, ಮಡಿಲಿನಿಂದ ಬರಲಿಲ್ಲ. ಇವೆರಡನ್ನೂ ಮೀರಿದ್ದು ಮೇಲಿನ ಸಾಲಿನಲ್ಲಿ ತೂಗುತ್ತಿತ್ತು. ಅದು ಅವಳ ಶಕ್ತಿಗೆ ಮೀರಿದ್ದು. ಅದನ್ನು ಇಳಿಸಲು ಹೇಳದೆ ಹೊರಬಂದಳು.

ಮುಂದಿನ ಸೋಮವಾರ ಬೆಂಜಮಿನ್ನರ ಮೇಜಿನ ಮೇಲೆ ಒಂದು ಹಳೆಯ ಮ್ಯಾಂಡೊಲಿನ್ ಕಾದಿತ್ತು. ಅತ್ತೂರು ಕಡೆಯ ಪ್ರೆಸಿಲ್ಲಾ ಎಂಬ ನಿವೃತ್ತ ನರ್ಸ್ ಒಬ್ಬರದು. ಬೆರಳ ಗಂಟು ನೋವು ಬಂದು ನುಡಿಸಲಾಗದೆ, ನುಡಿಸುವವರು ಸಿಕ್ಕಿದರೆ ಕೊಟ್ಟಷ್ಟಕ್ಕೆ ಕೊಡಿ ಎಂದಿದ್ದರಂತೆ. ಬಣ್ಣ ಮಾಸಿತ್ತು. ಎದೆಯ ಬಿರುಕಿಗೆ ಒಳಗಿನಿಂದ ತೇಪೆ ಹಾಕಿತ್ತು. ಆದರೆ ಎದೆಯಷ್ಟೂ ಒಂದೇ ಹಲಗೆ, ಪ್ಲೈವುಡ್ಡಲ್ಲ.

ಅಕ್ಕು ಮೀಟಿ ಕಣ್ಣು ಮುಚ್ಚಿದಳು. ಸ್ವರ ಹೊಟ್ಟೆಗೆ ತಾಗಿ, ಪಕ್ಕೆಲುಬಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಮತ್ತೆ ಮೀಟಿದಳು. ಆಮೇಲೆ ಮೇಲೆ ಕೆಳಗೆ, ಮೇಲೆ ಕೆಳಗೆ. ಕೈ ತಡವರಿಸಿತು, ಹುರುಳಿ ಚೆಲ್ಲಿತು, ಮತ್ತೆ ಕೂಡಿಕೊಂಡಿತು. ನಡುವೆ ಒಂದೆರಡು ಉಸಿರಿನಷ್ಟು ಹೊತ್ತು ಸ್ವರದ ಹನಿಗಳೆಲ್ಲ ಒಂದಾಗಿ ಗೆರೆಯಾದವು. ಅವಳು ಕೈ ನಿಲ್ಲಿಸಿದಳು.

"ಬಂತು," ಎಂದರು ಬೆಂಜಮಿನ್.

"ಬಂತು. ಆದರೆ ಮಾವನದ್ದು ಹೀಗಲ್ಲ."

ಹೇಗೆಂದು ಹೇಳಲು ಅವಳಿಗೆ ಬಹಳ ಕಷ್ಟವಾಯಿತು. ಇದು ನೇರವಾಗಿದೆ, ಅವನದ್ದು ಎರಡು ಜನ ಒಂದೇ ಮಾತು ಹೇಳಿದ ಹಾಗಿತ್ತು, ಅದರಲ್ಲಿ ಒಬ್ಬ ಸ್ವಲ್ಪ ಅಳುತ್ತ ಹೇಳಿದ ಹಾಗೆ ಎಂದಳು. ಬೆಂಜಮಿನ್ನರು ಯೋಚಿಸಿ, ಎರಡೆರಡಾಗಿ ಒಂದೇ ಸ್ವರಕ್ಕೆ ಬಿಗಿದ ಜೋಡಿ ತಂತಿಗಳಲ್ಲಿ ಒಂದರ ಬಿರಡೆಯನ್ನು ಕೂದಲೆಳೆಯಷ್ಟು ಸಡಿಲಿಸಿ ಮೀಟಿದರು. ಅಕ್ಕುವಿನ ಕೈ ತಾನಾಗಿ ಬಾಯಿಗೆ ಹೋಯಿತು.

"ಹೀಗೆಯೇ ಇಟ್ಟು ಕೊಡಿ."

ಅವರು ಬಿರಡೆಯನ್ನು ತಿರುಗಿಸಿ ಮತ್ತೆ ಸರಿ ಮಾಡಿಬಿಟ್ಟರು. "ಜೀವಮಾನವಿಡೀ ತಂತಿ ಸರಿ ಮಾಡುವ ಕೆಲಸ ಮಾಡಿದವ ನಾನು. ಕೆಡಿಸಿ ಕೊಡಲಿಕ್ಕೆ ನನ್ನ ಕೈ ಬರುವುದಿಲ್ಲ ಮಾರಾಯ್ತಿ. ನಿಮ್ಮ ಕಡಲ ಗಾಳಿ ಉಂಟಲ್ಲ, ಅದೇ ಮಾಡ್ತದೆ. ನಿನ್ನ ಮಾವನಿಗೂ ಅದೇ ಮಾಡಿದ್ದು." ಬಾಗಿಲವರೆಗೆ ಬಂದು, ಎಣ್ಣೆಯ ಡಬ್ಬವನ್ನು ದೂರ ಇಡಬೇಕೆಂದು ನೆನಪಿಸಿದರು.

ಏಕಾಹದ ದಿನ ಅವರ ತಂಡ ತಾಳ ವಹಿಸಿಕೊಂಡಾಗ ಮಂದಿರದಲ್ಲಿ ಹೆಚ್ಚು ಜನರಿರಲಿಲ್ಲ. ಉಂಡವರು ನೆರಳು ಹುಡುಕಿ ಹೋಗಿದ್ದರು. ಅಕ್ಕು ದೀಪದ ಪಕ್ಕದಲ್ಲಿ, ಮಾವ ಕುಳಿತಲ್ಲಿ, ಕಾಲು ಮಡಚಿ ಕುಳಿತಳು. ಮೊದಲ ಭಜನೆಗೆ ಬೆರಳು ನಡುಗಿತು, ಸ್ವರ ನಡುಗಲಿಲ್ಲ. ಎರಡನೆಯದರ ಹೊತ್ತಿಗೆ ಪಡುಗಾಳಿ ಎದ್ದಿತು. ಕಿಟಕಿಯಿಂದ ಉಪ್ಪು ವಾಸನೆ ಬಂದು ತಂತಿಗಳ ಮೇಲೆ ಹಾದುಹೋಯಿತು. ಸಾಲಿನ ಕೊನೆಯ ದೀರ್ಘ ಸ್ವರದಲ್ಲಿ ಅವಳು ಮೇಲೆ ಕೆಳಗೆ ಮೀಟತೊಡಗಿದಳು. ಹನಿಗಳು ಗೆರೆಯಾದವು. ಗೆರೆ ಸೀಳಿ ಎರಡಾಯಿತು, ಒಂದು ಸ್ವಲ್ಪ ಹಿಂದೆ ಉಳಿಯಿತು.

ಕುಶಲಾ ತಾಳ ಬಿಡದೆ ಬಾಗಿ ಕಿವಿಯಲ್ಲಿ ಹೇಳಿದಳು: "ತಂತಿ ಇಳಿದಿದೆ ಅತ್ತಿಗೆ. ಮುಂದಿನ ಹಾಡಿಗೆ ಮೊದಲು ಸರಿ ಮಾಡಿ."

"ಇರಲಿ," ಎಂದಳು ಅಕ್ಕು.

ಅವಳ ಕಣ್ಣು ಹೊರಗಿನ ಜಗಲಿಯ ಮೂಲೆಯ ಕಂಬದ ಮೇಲಿತ್ತು. ಅಲ್ಲಿ ಯಾರೂ ಇರಲಿಲ್ಲ. ಆ ಕಂಬಕ್ಕೆ ಕೆನ್ನೆ ಒತ್ತಿ ಇದನ್ನೊಮ್ಮೆ ಕೇಳಬೇಕೆಂದು ಅವಳ ಜೀವ ಎಳೆಯಿತು. ಎದ್ದು ಹೋದರೆ ಸ್ವರ ನಿಲ್ಲುತ್ತದೆ. ಅವಳು ಏಳಲಿಲ್ಲ. ವಾದ್ಯವನ್ನು ಆ ಕಂಬದ ಕಡೆಗೆ ಸ್ವಲ್ಪ ತಿರುಗಿಸಿಕೊಂಡು, ಮುಂದಿನ ತಂಡದ ತಾಳ ಬಂದು ಸೇರುವವರೆಗೂ ಮೀಟುತ್ತಲೇ ಇದ್ದಳು.