ಮೀನಿಗೆ ಕಲ್ಲು ನಿಲ್ಲಿಸಿದ ಊರಿನಲ್ಲಿ

ಮೊದಲ ದಿನ ನನ್ನ ಕೈಗೆ ಕೊಟ್ಟಿದ್ದು ಮರದ ಹಿಡಿ ಹಾಕಿದ ಒಂದು ಕಬ್ಬಿಣದ ಮೊಳೆ. ಎದುರಿನ ತೊಟ್ಟಿಯಲ್ಲಿ ತೋಳುದ್ದದ ಮೀನುಗಳು ಬಾಲ ಬಡಿಯುತ್ತಿದ್ದವು. ಮೊರಿತಾ ಸಾನ್ ಎಂಬ ಹೆಂಗಸು ಒಂದನ್ನು ಎತ್ತಿ ಹಲಗೆಗೆ ಒತ್ತಿ ಹಿಡಿದು, ಕಣ್ಣುಗಳಿಗಿಂತ ಸ್ವಲ್ಪ ಮೇಲೆ ಹಣೆಗೆ ಮೊಳೆ ಚುಚ್ಚಿ ತಿರುಗಿಸಿ ತೋರಿಸಿದರು. ಮೀನು ಬಾಯಿ ಪೂರ್ತಿ ತೆರೆದು, ಮೈಯೆಲ್ಲ ನಡುಗಿ, ಸುಮ್ಮನಾಯಿತು. ಆಮೇಲೆ ಕಿವಿರಿಗೆ ಚಾಕು. ರಕ್ತ ನನ್ನ ಗಲ್ಲಕ್ಕೆ ಹಾರಿತು. ಕೊನೆಗೆ ಬೆನ್ನುಮೂಳೆಯ ತೂತಿನೊಳಗೆ ತಂತಿ ತೂರಿಸಿದಾಗ, ಸತ್ತಿದೆ ಎಂದುಕೊಂಡಿದ್ದ ಮೀನು ಮತ್ತೊಮ್ಮೆ ಜಿಗಿಯಿತು.

"ಈಗ ನೀನು," ಎಂದರು ಮೊರಿತಾ ಸಾನ್. ಸಾನ್ ಎಂದರೆ ನಾವು ಹೆಸರಿನ ಕೊನೆಗೆ 'ಅವರು' ಸೇರಿಸಿದ ಹಾಗೆ.

ಈ ಕೆಲಸಕ್ಕೆ ಇಲ್ಲಿ, ಜಪಾನಿನಲ್ಲಿ, ಇಕೆಜಿಮೆ ಎನ್ನುತ್ತಾರೆ. ಒದ್ದಾಡಿ ಸತ್ತ ಮೀನಿನ ಮಾಂಸ ಕೆಡುತ್ತದಂತೆ, ಹೀಗೆ ಒಂದೇ ಏಟಿಗೆ ಕೊಂದರೆ ರುಚಿ ಉಳಿಯುತ್ತದಂತೆ. ಜೊತೆಗೆ ಬಂದಿದ್ದ ನೇಪಾಳದ ಹುಡುಗಿ ಹೊರಗೆ ಓಡಿ ವಾಂತಿ ಮಾಡಿಕೊಂಡಳು. ನನಗೆ ಏನೂ ಆಗಲಿಲ್ಲ. ಮೊದಲ ಮಳೆಗೆ ಗದ್ದೆಯ ಹಳ್ಳಕ್ಕೆ ಹತ್ತಿ ಬರುವ ಮೀನನ್ನು ಕತ್ತಿಯಲ್ಲಿ ಕಡಿದು ತರುವ ಮನೆಯವಳು ನಾನು. ಆದರೆ ನಾನು ಹೆದರದೇ ಇದ್ದುದಕ್ಕೆ ಕಾರಣ ಅದಲ್ಲ. ಮೊಳೆ ಒಳಕ್ಕೆ ಇಳಿಯುವಾಗ ಆ ಹಣೆ ನನಗೆ ಮೀನಿನ ಹಣೆಯಾಗಿ ಕಾಣುತ್ತಿರಲಿಲ್ಲ. ಬೂದು ಬಣ್ಣದ, ಉಬ್ಬಿದ, ದೊಡ್ಡ ಹಣೆಯಾಗಿ ಕಾಣುತ್ತಿತ್ತು. ಅದಕ್ಕೇ ಜೋರಾಗಿ ಚುಚ್ಚುತ್ತಿದ್ದೆ. "ಮೆಲ್ಲಗೆ, ಮೀನು ನಿನ್ನ ಶತ್ರು ಅಲ್ಲ," ಎಂದು ಮೊರಿತಾ ಸಾನ್ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು.

ನನ್ನ ಗಂಡ ಸುರೇಶನನ್ನು ಆನೆ ಕೊಂದಿತು. ಬಸರೀಕಟ್ಟೆಯ ಹತ್ತಿರ ನಾವು ಕೆಲಸಕ್ಕೆ ಹೋಗುತ್ತಿದ್ದ ಕಾಫಿ ಎಸ್ಟೇಟಿನ ರಸ್ತೆಯಲ್ಲಿ, ಬೆಳಗಿನ ಮಂಜಿನಲ್ಲಿ, ತಿರುವು ದಾಟಿದ ಕೂಡಲೇ ಅದು ನಿಂತಿತ್ತು. ಜೀಪಿನಲ್ಲಿ ಟಾರ್ಪಾಲಿನಲ್ಲಿ ಸುತ್ತಿ ತಂದರು. ನೋಡಬೇಡ ಎಂದರು. ನೋಡಿದೆ. ಎದೆ ಇರಬೇಕಾದ ಕಡೆ ಎದೆ ಇರಲಿಲ್ಲ. ಆಮೇಲೆ ಅರಣ್ಯ ಇಲಾಖೆಯವರು ಆ ತಿರುವಿನಲ್ಲಿ ಒಂದು ಹಳದಿ ಬೋರ್ಡು ಹಾಕಿದರು: ಆನೆ ಸಂಚರಿಸುವ ಪ್ರದೇಶ, ನಿಧಾನವಾಗಿ ಚಲಿಸಿ.

ಆ ರಸ್ತೆಯಲ್ಲಿ ಮತ್ತೆ ನಡೆಯಲು ನನ್ನಿಂದ ಆಗಲಿಲ್ಲ. ಮಕ್ಕಳಿರಲಿಲ್ಲ. ಪಿಯುಸಿ ಓದಿದ್ದೆ. ಶಿವಮೊಗ್ಗದಲ್ಲಿ ಜಪಾನಿ ಭಾಷೆ ಕಲಿಸಿ ಕೆಲಸಕ್ಕೆ ಕಳಿಸುವವರಿದ್ದಾರೆ ಎಂದು ಕೇಳಿ ಸೇರಿಕೊಂಡೆ. ಅತ್ತೆ ತಡೆಯಲಿಲ್ಲ. "ಎಲ್ಲಿಗಾದ್ರೂ ಹೋಗು, ಆನೆ ಇಲ್ಲದ ಕಡೆ ಹೋಗು," ಎಂದರು.

ಆನೆ ಇಲ್ಲದ ಕಡೆ ಎಂದರೆ ಇದು. ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ, ನಡುವೆ ಒಂದೇ ರಸ್ತೆ. ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಬೀಗ. ಇರುವವರೆಲ್ಲ ಮುದುಕರು. ಮೀನಿನ ಕಾರ್ಖಾನೆಯವರು ನಮ್ಮಿಬ್ಬರಿಗೆ ಕೊಟ್ಟಿದ್ದು ಅಂಥದ್ದೇ ಒಂದು ಖಾಲಿ ಮನೆ, ಹಿಂದೆ ಬಿದಿರು ಮೆಳೆ. ನೆಲಕ್ಕೆ ಹುಲ್ಲಿನ ಚಾಪೆಯನ್ನೇ ಹೊಲಿದು ಕೂರಿಸಿದ್ದಾರೆ. ನೀರು ಚೆಲ್ಲಿ ತೊಳೆಯುವ ಹಾಗಿಲ್ಲ. ಮೊದಲ ವಾರ ಅಭ್ಯಾಸ ಬಲದಿಂದ ಒಂದು ಬಕೆಟ್ ನೀರು ಸುರಿದು, ಚಾಪೆ ಒಣಗಿಸಲು ನೇಪಾಳದ ಹುಡುಗಿ ಮಾಯಾಳ ಜೊತೆ ಇಡೀ ಭಾನುವಾರ ಬಿಸಿಲು ಕಾದಿದ್ದೆ.

ಇಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಬಸ್ಸಿನಲ್ಲಿ ಫೋನ್ ಬಂದರೆ ಎತ್ತುವುದಿಲ್ಲ. ಬಾಳೆಹೊನ್ನೂರಿನ ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲಿ ಬೆಳೆದ ಕಿವಿಗೆ ಈ ಮೌನ ನೋವು ಕೊಡುತ್ತದೆ. ನಾನು ಕಲಿತ ಮೊದಲ ಕೆಲಸದ ಮಾತು 'ಅಬುನಾಯ್', ಅಪಾಯ ಎಂದು. ಎರಡನೆಯದು ಸಂಜೆ ಮನೆಗೆ ಹೊರಡುವಾಗ ಒಬ್ಬರಿಗೊಬ್ಬರು ಹೇಳುವ 'ಒತ್ಸುಕಾರೆಸಾಮ'. ನೀವು ದಣಿದಿದ್ದೀರಿ ಎಂದು ಅದರ ಅರ್ಥ. ಎಸ್ಟೇಟಿನಲ್ಲಿ ಇಡೀ ದಿನ ಬೆನ್ನು ಬಗ್ಗಿಸಿ ಕೊಯ್ದರೂ ಯಾರೂ ಹಾಗೆ ಹೇಳಿದ್ದಿಲ್ಲ. ಆ ಮಾತು ಕೇಳಿದ ಮೊದಲ ದಿನ ದಾರಿಯಲ್ಲೇ ಅಳು ಬಂತು.

ಆದರೂ ನಾನು ಪೂರ್ತಿ ಇಲ್ಲಿಗೆ ಬಂದಿರಲಿಲ್ಲ. ಊರಿನಲ್ಲಿ ಆನೆ ಎಲ್ಲಿದೆ ಎಂದು ತಿಳಿಸಲು ಒಂದು ವಾಟ್ಸಾಪ್ ಗ್ರೂಪ್ ಇದೆ. ನಾನು ಅದರಿಂದ ಹೊರಗೆ ಬರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದುದು ಅದನ್ನೇ. "ಒಂಟಿ ಸಲಗ ಕೆಳಗಿನ ಹಳ್ಳದಲ್ಲಿದೆ, ಕಾರ್ಮಿಕರು ಆ ಕಡೆ ಹೋಗಬೇಡಿ." ಅದೇ ಆನೆ, ಎಡ ದಂತ ಮುರಿದದ್ದು. ಸತ್ತಿತು ಎಂಬ ಸುದ್ದಿಗಾಗಿ ನಾನು ಸಾವಿರಾರು ಮೈಲಿ ದೂರದಿಂದ ಕಾಯುತ್ತಿದ್ದೆ.

ಒಂದು ಸಂಜೆ ಮೈದುನ ಗಣೇಶ ವಿಡಿಯೋ ಕಾಲ್ ಮಾಡಿದ. ಹಿಂದೆ ಅತ್ತೆ ಇರಲಿಲ್ಲ.

"ಅತ್ತಿಗೆ, ಅದು ಈಗ ನಮ್ಮ ಹಲಸಿನ ಮರಕ್ಕೆ ಬರ್ತಿದೆ. ಎರಡು ದಿನಕ್ಕೊಮ್ಮೆ ಬಂದೇ ಬರ್ತದೆ."

"ಪಟಾಕಿ ಹೊಡೀಲಿಲ್ವಾ?"

"ಪಟಾಕಿಗೆಲ್ಲ ಹೆದರೋ ಜಾತಿ ಅಲ್ಲ ಅದು. ನಾನು ಬೇಲಿಗೆ ಲೈನಿನ ಕರೆಂಟ್ ಕೊಡ್ತೇನೆ. ಸೋಲಾರ್ ಅಲ್ಲ, ಅದು ಬರೀ ಕಚಗುಳಿ. ಕಂಬದಿಂದಲೇ ಎಳೀತೇನೆ."

"ಸಿಕ್ಕಿಬಿದ್ರೆ ಜೈಲು."

"ಹೋಗ್ತೇನೆ, ಎಂತ ಈಗ? ಅಣ್ಣನ್ನ ತಿಂದದ್ದು ಅದು. ಆದ್ರೆ ನೀವು ಹೂಂ ಅನ್ಬೇಕು. ಅವನು ನಿಮ್ಮ ಗಂಡ. ನೀವು ಹೇಳದೆ ನಾನು ತಂತಿ ಮುಟ್ಟೂದಿಲ್ಲ."

ಹೂಂ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆಯ ದನಿ ಕೇಳಿ ಅವನು ಫೋನ್ ಇಟ್ಟ. ಭಾನುವಾರ ಹೇಳುತ್ತೇನೆ ಎಂದು ಮೆಸೇಜ್ ಹಾಕಿದೆ.

ಆ ಭಾನುವಾರವೇ ಮೀನಿನ ಕುಯೋ ಇತ್ತು. ಕುಯೋ ಎಂದರೆ ಸತ್ತವರಿಗೆ ಮಾಡುವ ಪೂಜೆ. ಬಂದರಿನ ಮೂಲೆಯಲ್ಲಿ ಆಳೆತ್ತರದ ಒಂದು ಕಲ್ಲು ನಿಲ್ಲಿಸಿದ್ದಾರೆ. ಅದು ಮನುಷ್ಯರದ್ದಲ್ಲ. ಈ ಊರಿನವರು ಕೊಂದ ಮೀನುಗಳದ್ದು. ವರ್ಷಕ್ಕೊಮ್ಮೆ ಸನ್ಯಾಸಿಯೊಬ್ಬರು ಬಂದು ಮಂತ್ರ ಹೇಳುತ್ತಾರೆ, ಮಾಲೀಕನಿಂದ ಹಿಡಿದು ನೆಲ ಒರೆಸುವವರ ತನಕ ಒಬ್ಬೊಬ್ಬರಾಗಿ ಧೂಪ ಹಾಕಿ ಬಗ್ಗುತ್ತಾರೆ. ನನ್ನ ಸರದಿ ಬಂದಾಗ ಕಾಲು ಮುಂದೆ ಹೋಗಲಿಲ್ಲ.

"ಬಗ್ಗು, ಸರೋಜಾ," ಎಂದು ಮೊರಿತಾ ಸಾನ್ ಮೆಲ್ಲಗೆ ತಿವಿದರು.

"ಯಾಕೆ ಬಗ್ಗಬೇಕು?"

"ಕೊಂದವರು ನಾವು. ಅದಕ್ಕೆ."

"ಪ್ರಾಣಿಯೇ ಮನುಷ್ಯನನ್ನು ಕೊಂದರೆ? ಆಗ ಯಾರು ಬಗ್ಗಬೇಕು?"

ನನ್ನ ಕತೆ ಅವರಿಗೆ ಗೊತ್ತಿತ್ತು. ಎಡಗೈ ಎತ್ತಿ ತೋರಿಸಿದರು. ಅದರಲ್ಲಿ ಕಿರುಬೆರಳು ಇಲ್ಲ. "ಇದನ್ನು ಮೀನಿನ ತಲೆ ಕತ್ತರಿಸುವ ಮೆಷಿನ್ ತಿಂದದ್ದು. ಇಲ್ಲಿಯ ತನಕ ಆ ಮೆಷಿನ್ ನನ್ನ ಮುಂದೆ ಬಗ್ಗಿಲ್ಲ."

ಸಾಲಿನಲ್ಲಿದ್ದವರು ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ನಗಲಿಲ್ಲ. ಧೂಪವನ್ನೂ ಹಾಕಲಿಲ್ಲ. ಮೀನಿಗೆ ಸನ್ಯಾಸಿ, ಹೂವು, ಮಂತ್ರ. ನನ್ನ ಗಂಡ ಸತ್ತ ಜಾಗಕ್ಕೆ 'ನಿಧಾನವಾಗಿ ಚಲಿಸಿ'. ಮನೆಗೆ ಹೋದ ಕೂಡಲೇ ಗಣೇಶನಿಗೆ ಹೂಂ ಎನ್ನುತ್ತೇನೆ ಎಂದು ನಿರ್ಧರಿಸಿಯೇ ನಡೆದೆ.

ಫೋನ್ ಕೈಗೆತ್ತಿಕೊಂಡಿದ್ದೆ. ಮುಸ್ಸಂಜೆ. ಹಿಂದಿನ ಬಿದಿರು ಮೆಳೆಯಲ್ಲಿ ಲಟಲಟ ಮುರಿಯುವ ಸದ್ದು. ಏನೋ ಭಾರದ್ದು, ಉಸಿರು ಬಿಡುವಂಥದ್ದು. ಬಿದಿರು ಮುರಿಯುವ ಸದ್ದಿಗೆ ನಮ್ಮ ಕಡೆ ಒಂದೇ ಅರ್ಥ. ನಾನು ಯಾವ ದೇಶದಲ್ಲಿದ್ದೇನೆ ಎನ್ನುವುದೇ ಮರೆತುಹೋಯಿತು. ಸ್ಟೀಲ್ ತಟ್ಟೆ, ಸೌಟು ಎತ್ತಿಕೊಂಡು ರಸ್ತೆಗೆ ಓಡಿ, ಢಣಢಣ ಬಡಿಯುತ್ತ, "ಹೋಯ್! ಹೋ ಹೋ! ಬಂತು! ಬಂತು!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ.

ಮನೆಗಳ ಬಾಗಿಲು ತೆರೆದವು. ನಮ್ಮಲ್ಲಾದರೆ ಜನ ದೊಣ್ಣೆ, ಡಬ್ಬ ಹಿಡಿದು ಬರುತ್ತಿದ್ದರು. ಇಲ್ಲಿನ ಮುದುಕರು ಬೆನ್ನಿಗೆ ಚೀಲ ಹಾಕಿಕೊಂಡು ಬಂದರು. ಒಂದು ಮಾತಿಲ್ಲದೆ, ಒಬ್ಬರ ಕೈ ಒಬ್ಬರು ಹಿಡಿದು, ಗುಡ್ಡದ ಮೆಟ್ಟಿಲು ಹತ್ತತೊಡಗಿದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಭಾಷೆ ಯಾವುದಾದರೇನು, ಇಲ್ಲಿ ಯಾರಾದರೂ ಲೋಹ ಬಡಿದು ಕೂಗಿದರೆ, ಬರುವುದು ಸಮುದ್ರ.

ಮಾಯಾ ಅವರ ಹಿಂದೆ ಓಡಿ ಎಲ್ಲರನ್ನೂ ಕರೆತಂದಳು. ಮೊರಿತಾ ಸಾನ್ ಏದುಸಿರು ಬಿಡುತ್ತ ಬಂದು ನನ್ನ ಕೈಯ ತಟ್ಟೆ ಕಿತ್ತುಕೊಂಡರು. "ಮೂವತ್ತು ಜನ ಮುದುಕರನ್ನು ಗುಡ್ಡ ಹತ್ತಿಸಿದೆಯಲ್ಲೇ! ಮೆಳೆಯಲ್ಲಿ ನನ್ನ ಅಣ್ಣ ಇಟ್ಟ ಬೋನಿಗೆ ಕಾಡುಹಂದಿ ಬಿದ್ದಿದೆ, ಅಷ್ಟೇ."

ನಾನು ಆ ಗಡಿಬಿಡಿಯಲ್ಲಿ ಊರಿಗೆ ಫೋನ್ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಮೊರಿತಾ ಸಾನ್‌ರ ಅಣ್ಣ ಹಂದಿ ಕೊಲ್ಲಲು ಬಂದರು. ಎಪ್ಪತ್ತು ದಾಟಿದ ಮನುಷ್ಯ, ತೊಡೆಯ ತನಕ ರಬ್ಬರ್ ಬೂಟು, ಕೈಗೆ ದಪ್ಪ ಗ್ಲೌಸು. ಕಬ್ಬಿಣದ ಬೋನಿನೊಳಗೆ ಹಂದಿ ಸರಳಿಗೆ ಮೂತಿ ಗುದ್ದಿ ಗುದ್ದಿ ಮೂತಿಯೇ ಹರಿದು ನೇತಾಡುತ್ತಿತ್ತು. ಅವರ ಬಳಿ ಬ್ಯಾಟರಿಗೆ ಜೋಡಿಸಿದ ಉದ್ದದ ಈಟಿ ಇತ್ತು. ಅದನ್ನು ಕುತ್ತಿಗೆಗೆ ಮುಟ್ಟಿಸಿದರು.

ಹಂದಿ ಕೂಗಲಿಲ್ಲ. ಕೂಗಲು ಆಗಲಿಲ್ಲ. ನಾಲ್ಕು ಕಾಲೂ ಸೆಟೆದು ನಿಂತವು, ಹಲ್ಲು ಸರಳನ್ನು ಕಚ್ಚಿಕೊಂಡವು, ಸುಟ್ಟ ಕೂದಲ ವಾಸನೆ ಬಂತು. ಈಟಿ ತೆಗೆದಾಗ ಮತ್ತೆ ಉಸಿರಾಡಿತು. ಮತ್ತೆ ಮುಟ್ಟಿಸಿದರು. ಮತ್ತೆ ಉಸಿರು. ನೋಡಬೇಕು ಎಂದು ನಾನು ಮುಂದೆ ಹೋದೆ. ಕಾಲಲ್ಲಿ ಹವಾಯಿ ಚಪ್ಪಲಿ, ಹುಲ್ಲೆಲ್ಲ ಇಬ್ಬನಿ.

"ಅಬುನಾಯ್!" ಅವರು ಕಿರುಚಿದ ರಭಸಕ್ಕೆ ನಾನು ಹಿಂದಕ್ಕೆ ಬಿದ್ದೆ. "ನೆಲ ಒದ್ದೆ ಇದೆ! ಕರೆಂಟಿಗೆ ನೀನು ಯಾರು, ಹಂದಿ ಯಾರು ಅಂತ ಗೊತ್ತಾಗುತ್ತಾ?"

ಒದ್ದೆ ಹುಲ್ಲಿನ ಮೇಲೆ ಬಿದ್ದಲ್ಲಿಂದಲೇ ನೋಡಿದೆ. ಹಂದಿಯ ತೆರೆದ ಕಣ್ಣು, ಸೆಟೆದ ಕಾಲು. ಗಣೇಶ ವರ್ಷವಿಡೀ ಹಾಕುವುದೂ ಹವಾಯಿ ಚಪ್ಪಲಿಯೇ. ಹಲಸಿನ ಮರದ ಬುಡ ಯಾವಾಗಲೂ ಒದ್ದೆ.

ಆಗಲೇ ಊರಿಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಗಣೇಶ ನಿದ್ದೆಗಣ್ಣಲ್ಲಿ ಎತ್ತಿದ.

"ತಂತಿ ಎಳೆದ್ಯಾ?"

"ನೀವು ಹೇಳದೆ ಎಳೀತೇನಾ?"

"ಎಳೀಬೇಡ."

ಅವನು ಎದ್ದು ಕೂತದ್ದು ಕೇಳಿಸಿತು. "ಎಂತ ಅತ್ತಿಗೆ, ಅಲ್ಲಿ ಹೋಗಿ ತಣ್ಣಗೆ ಮೀನು ತಿಂದು ರಕ್ತವೂ ತಣ್ಣಗಾಯ್ತಾ?"

"ನನ್ನ ರಕ್ತದ ಸುದ್ದಿ ಬಿಡು. ಒದ್ದೆ ನೆಲದಲ್ಲಿ ಮೊದಲು ಹೋಗೋದು ನೀನು. ಇಲ್ಲಾ ಸೌದೆ ಆರಿಸಲು ಹೋದ ಅತ್ತೆ."

"ಮತ್ತೆ ಅಣ್ಣ? ಅವನಿಗೆ ಎಂತ ಹೇಳೂದು?"

"ನಿನ್ನ ಅಣ್ಣನ್ನ ಟಾರ್ಪಾಲಿನಲ್ಲಿ ನೋಡಿದ್ದು ಸಾಕು. ಇನ್ನೊಂದು ಟಾರ್ಪಾಲು ಬಿಚ್ಚಿ ನೋಡೋ ಶಕ್ತಿ ನನಗಿಲ್ಲ."

"ಆಯ್ತು. ನಿಮ್ಮ ಮಾತು," ಎಂದು ಫೋನ್ ಇಟ್ಟ.

ನನಗೆ ಆನೆಯ ಮೇಲೆ ಕನಿಕರ ಹುಟ್ಟಿತು ಎಂದು ಓದುವವರು ತಿಳಿಯಬಾರದು. ಹುಟ್ಟಲಿಲ್ಲ.

ಆ ಸಂಜೆ ಮೊರಿತಾ ಸಾನ್ ಹಂದಿಯ ಪಾಲು ತಂದುಕೊಟ್ಟರು. ಊರಿನಿಂದ ತಂದ ಕಾಳುಮೆಣಸು ಅರೆದು, ಹುಳಿ ಹಾಕಿ ಕಪ್ಪಗೆ ಸಾರು ಮಾಡಿದೆ. ಮಾಯಾ ಮತ್ತು ನಾನು ಅದನ್ನು ಡಬ್ಬಿಗಳಲ್ಲಿ ತುಂಬಿಕೊಂಡು, ಗುಡ್ಡ ಹತ್ತಿಸಿದ ಮನೆಗಳಿಗೆಲ್ಲ ಹೋಗಿ ಬಗ್ಗಿ ತಪ್ಪಾಯಿತು ಎಂದೆವು. ತೊಂಬತ್ತರ ಅಜ್ಜಿಯೊಬ್ಬಳು ಒಂದು ಚಮಚ ತಿಂದು, ಕಣ್ಣಲ್ಲಿ ನೀರು ಸುರಿಸಿ, "ಇದಕ್ಕಿಂತ ಸುನಾಮಿಯೇ ವಾಸಿ," ಎಂದಳು. ಆಮೇಲೆ ಡಬ್ಬಿ ಪೂರ್ತಿ ಖಾಲಿ ಮಾಡಿದಳಂತೆ. ಅಂದಿನಿಂದ ದಾರಿಯಲ್ಲಿ ಎಲ್ಲರೂ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ.

ಹಲಸು ಮುಗಿಯುವ ಹೊತ್ತಿಗೆ ಗ್ರೂಪಿನಲ್ಲಿ ಸುದ್ದಿ ಬಂತು: ಕಾಡಾನೆ ದಾಳಿ, ಮಹಿಳೆ ಸಾವು. ಅದರ ಹಿಂದೆಯೇ ಗಣೇಶನ ವಾಯ್ಸ್ ಮೆಸೇಜ್. "ಅತ್ತಿಗೆ, ಜಲಜಕ್ಕ ಹೋದ್ಲು. ನಮ್ಮ ಹಲಸಿನ ಮರದ ಕೆಳಗೇ."

ಜಲಜಕ್ಕ ನನ್ನ ಪಕ್ಕದ ಸಾಲಿನಲ್ಲಿ ಕಾಫಿ ಕೊಯ್ಯುತ್ತಿದ್ದವಳು. ಸುರೇಶ ಸತ್ತಾಗ ನನ್ನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು. ಅದೇ ಆನೆ ಎಂದು ಗಣೇಶ ಹೇಳುತ್ತಾನೆ. ಬೇರೆ ಇರಬಹುದು ಎಂದು ಇಲಾಖೆಯವರು. ಎಡ ದಂತವನ್ನು ಯಾರೂ ಸರಿಯಾಗಿ ನೋಡಿಲ್ಲ. ಆಮೇಲೆ ಸಾಕಾನೆಗಳನ್ನು ತಂದು ಒಂದು ಸಲಗವನ್ನು ಹಿಡಿದು ಲಾರಿ ಹತ್ತಿಸಿದರು. ಜನ ಲಾರಿಗೆ ಕಲ್ಲು ಹೊಡೆದರಂತೆ. ಆ ನೂಕಾಟದಲ್ಲಿ ಗಣೇಶನ ಹಣೆ ಒಡೆದು ಹೊಲಿಗೆ ಬಿತ್ತು.

ನಾನು ಹೂಂ ಎಂದಿದ್ದರೆ ಜಲಜಕ್ಕ ಇರುತ್ತಿದ್ದಳೋ, ಗಣೇಶ ಇರುತ್ತಿರಲಿಲ್ಲವೋ, ಇಬ್ಬರೂ ಇರುತ್ತಿದ್ದರೋ, ಇಬ್ಬರೂ ಇಲ್ಲವಾಗುತ್ತಿದ್ದರೋ. ತೊಟ್ಟಿಯಿಂದ ಒಂದೊಂದು ಮೀನು ಎತ್ತುವಾಗಲೂ ಇದೇ ತಿರುಗುತ್ತದೆ. ಅತ್ತೆಯ ಹತ್ತಿರ ಹೇಳಿಕೊಂಡೆ. "ಅವನಿಗೆ ಈಗಲೂ ನಿನ್ನ ಮೇಲೆ ಸಿಟ್ಟು, ಮಾರಾಯ್ತಿ. ಬದುಕಿಕೊಂಡು ಸಿಟ್ಟು ಮಾಡ್ತಿದ್ದಾನಲ್ಲ, ನನಗೆ ಅಷ್ಟು ಸಾಕು," ಎಂದರು. ಅವರಿಗೆ ಅಷ್ಟು ಸಾಕು. ಜಲಜಕ್ಕನ ಗಂಡನಿಗೆ?

ಮುಂದಿನ ತಿಂಗಳು ರಜೆ ಸಿಕ್ಕಿದೆ. ಊರಿಗೆ ಹೋಗುತ್ತಿದ್ದೇನೆ. ನಮ್ಮ ಮನೆಗೆ ಹೋಗುವ ದಾರಿ ಜಲಜಕ್ಕನ ಅಂಗಳದ ಪಕ್ಕದಲ್ಲೇ ಹಾದುಹೋಗುತ್ತದೆ. ಬೇಲಿಗೆ ಕರೆಂಟ್ ಬೇಡ ಎಂದವಳು ನಾನು ಎಂಬುದು ಆ ಮನೆಯವರಿಗೂ ಗೊತ್ತಾಗಿದೆ. ಇಲ್ಲಿ ಜಪಾನಿನಲ್ಲಿ ಸಾವಿನ ಮನೆಯಲ್ಲಿ ಹೇಳಲು ಒಂದು ಸಿದ್ಧ ಮಾತಿದೆ. ಸೊಂಟ ಬಗ್ಗಿಸಿ ಅದನ್ನು ಹೇಳಿದರೆ ಯಾರೂ ಏನೂ ಕೇಳುವುದಿಲ್ಲ. ನಮ್ಮಲ್ಲಿ ಅಂಥ ಮಾತಿಲ್ಲ. ಹೋಗಿ ಜಗಲಿಯ ಮೇಲೆ ಕೂತು, ಅವರ ಜೊತೆ ಅತ್ತು, ಅವರು ಬೈದರೆ ಬೈಸಿಕೊಂಡು ಬರಬೇಕು. ನನಗೆ ಈಗ ಬಗ್ಗುವುದು ಅಭ್ಯಾಸವಾಗಿಬಿಟ್ಟಿದೆ. ಜಲಜಕ್ಕನ ಗಂಡನ ಎದುರು ನನ್ನ ಮೈ ತಾನಾಗಿ ಎರಡರಲ್ಲಿ ಯಾವುದನ್ನು ಮಾಡುತ್ತದೋ ತಿಳಿಯದು.

ಜೀಪಿನವನಿಗೆ ಆ ಅಂಗಳದ ಹತ್ತಿರವೇ ನಿಲ್ಲಿಸು ಎನ್ನುತ್ತೇನೆ. ಇಳಿಯುವುದು ಮಾತ್ರ ಗಟ್ಟಿ.