ರನ್‌ವೇ ಕಾಯುತ್ತಿದ್ದ ವಿರುಪಣ್ಣ

ಹನುಮಸಾಗರದ ವಿರುಪಣ್ಣ ಒಮ್ಮೆಯೂ ವಿಮಾನ ಹತ್ತಿದವನಲ್ಲ. ಆದರೆ ಕೊಪ್ಪಳದ ಹೊರಗೆ ಕಾರ್ಖಾನೆಯೊಂದರ ಪುಟ್ಟ ವಿಮಾನ ನೆಲ ಮುಟ್ಟಬೇಕಾದರೆ ಅವನ ಮಾತು ಬೇಕಿತ್ತು. ಮಾಲೀಕರು ಬರುವ ದಿನ ಚಪ್ಪಲಿ ಕಳಚಿಟ್ಟು, ರನ್‌ವೇಯ ಆ ತುದಿಯಿಂದ ಈ ತುದಿಗೆ ಬರಿಗಾಲಲ್ಲಿ ನಡೆಯುತ್ತಿದ್ದ. ಕಣ್ಣಿಗೆ ಕಾಣದ ಕಲ್ಲಿನ ಹರಳು ಅಂಗಾಲಿಗೆ ಸಿಗುತ್ತದೆ ಎನ್ನುವುದು ಅವನ ನಂಬಿಕೆ. ಆಮೇಲೆ ವಾಕಿಟಾಕಿಯಲ್ಲಿ, "ಸಾಫ್ ಐತ್ರಿ" ಎನ್ನುತ್ತಿದ್ದ.

ಏಳು ವರ್ಷ ಅವನ ಮಾತು ಸುಳ್ಳಾಗಲಿಲ್ಲ. ಅದೇ ತಲೆಗೇರಿತು. "ಅದೇನು ನಡದು ನೋಡೂದು? ಕುಂತಲ್ಲೇ ಹೇಳ್ತೀನಿ" ಎಂದು ಚಹಾದಂಗಡಿಯಲ್ಲಿ ಮೀಸೆ ತಿರುವತೊಡಗಿದ. ಎರಡು ಸಾವಿರದ ನಾಲ್ಕರ ಒಂದು ಬೆಳಿಗ್ಗೆ ರನ್‌ವೇ ಪಕ್ಕದಲ್ಲಿ ಕುಳಿತಲ್ಲಿಂದಲೇ ಸಾಫ್ ಎಂದು ಹೇಳಿಯೂಬಿಟ್ಟ.

ಆಕಾಶದಲ್ಲಿ ಗುಂಯ್‌ಗುಡುವ ಸದ್ದು ಕೇಳತೊಡಗಿತ್ತು. ಬೇಲಿಯಾಚೆ ಆಡು ಮೇಯಿಸುತ್ತಿದ್ದ ದುರುಗವ್ವ ಕೂಗಿದಳು: "ಯಣ್ಣಾ, ನಸುಕಿನ್ಯಾಗ ಅದಿರಿನ ಟಿಪ್ಪರ್ ರನ್‌ವೇಗೆ ಅಡ್ಡ ಹಾದು ಹೋತಲ್ಲ, ಬಿದ್ದ ಕಲ್ಲು ಆರಿಸಿದೇನು?"

ವಿರುಪಣ್ಣ ವಾಕಿಟಾಕಿ ಎತ್ತಿಕೊಂಡ. ನಸುಕಿನಲ್ಲಿ ಅವನಿನ್ನೂ ಬಂದೇ ಇರಲಿಲ್ಲ.

"ಗವಿಸಿದ್ದೇಶ, ಇಳಸಬ್ಯಾಡ್ರಿ ಅಂತ ಹೇಳಪಾ," ಎಂದು ವಾಕಿಟಾಕಿಗೆ ಅಂದ.

ಆಫೀಸಿನ ಹುಡುಗ ಗವಿಸಿದ್ದೇಶ ರೇಗಿದ. "ಈಗಷ್ಟ ಸಾಫ್ ಅಂದಿ. ಮಾಲೀಕ ಸಾಹೇಬ್ರ ಮೊಮ್ಮಗಳೂ ಅದಾಳ ಒಳಗ. ವಿರುಪಣ್ಣಗ ಅರಳುಮರಳು ಆಗೈತಿ ಅಂತ ಹೇಳ್ಲೇನು?"

"ಹಂಗ ಹೇಳು."

"ಪೈಲಟ್ ಸಾಹೇಬ್ರು ಕೇಳೂ ಮಂದಿ ಅಲ್ಲೋ ಮಾರಾಯ. ಕಣ್ಣು ಮುಚ್ಚಿ ಇಳಸ್ತೀನಿ ಅನ್ನಾವ್ರು."

ವಿರುಪಣ್ಣ ಕೆಂಪು ಟವೆಲ್ ಹಿಡಿದು ಓಡಿದ. ರನ್‌ವೇಯ ನಡುವೆ ನಿಂತು ಬೀಸಿದ. ಹೋದ ಸಲ ಆ ಮಗುವನ್ನು ವಿಮಾನದ ಮೆಟ್ಟಿಲಿನಿಂದ ಅವನೇ ಎತ್ತಿ ಇಳಿಸಿದ್ದ. ಅದು ಅವನ ಮೀಸೆ ಜಗ್ಗಿ ನಕ್ಕಿತ್ತು. ವಿಮಾನ ಇಳಿಯುತ್ತಲೇ ಬಂತು. ಗಾಲಿಗಳು ಕಂಡವು. ಅವನು ಕದಲಲಿಲ್ಲ. ನೆಲ ಅದುರುವ ಸದ್ದು ತಲೆಯ ಮೇಲೆ ಹಾದುಹೋಯಿತು, ತಲೆಗೆ ಸುತ್ತಿದ್ದ ರುಮಾಲು ಹಾರಿತು. ಕಣ್ಣು ತೆರೆದಾಗ ವಿಮಾನ ಮತ್ತೆ ಮೇಲೇರುತ್ತಿತ್ತು.

ಅದು ಸುತ್ತು ಹಾಕುವಷ್ಟರಲ್ಲಿ ಅವನು ಹುಡುಕಿದ. ನಿಂತಿದ್ದಲ್ಲಿಂದ ನಲವತ್ತು ಹೆಜ್ಜೆ ಆಚೆ, ಡಾಂಬರಿನ ಮೇಲೆ, ಮುಷ್ಟಿ ಗಾತ್ರದ ಮೂರು ಕಲ್ಲು. ಅವನ್ನು ಆರಿಸಿ ಅಂಚಿಗಿಟ್ಟು, ಇನ್ನು ಇಳಿಸಬಹುದೆಂದು ವಾಕಿಟಾಕಿಯಲ್ಲಿ ಹೇಳಿದ.

ವಿಮಾನ ಇಳಿಯಿತು. ಎಲ್ಲರನ್ನೂ ಕಾರಿಗೆ ಕಳಿಸಿ ಪೈಲಟ್ ಒಬ್ಬನೇ ನಡೆದು ಬಂದ. "ಇವು ಯಾವಾಗ ಬಿದ್ದದ್ದು?"

ಈಗ ಬಿದ್ದವು ಅಂದಿದ್ದರೆ ಪೈಲಟ್ ನಂಬುತ್ತಿದ್ದ.

"ಗೊತ್ತಿಲ್ರಿ. ನಾ ನೋಡಿರಲಿಲ್ಲ. ನೋಡೇನಿ ಅಂತ ಸುಳ್ಳು ಹೇಳಿದ್ದೆ."

ಪೈಲಟ್ ಬೈಯಲಿಲ್ಲ. ಒಂದು ಕಲ್ಲನ್ನು ಎತ್ತಿಕೊಂಡ. "ಇಳಿಸಬೇಡಿ ಅಂತ ಆಫೀಸಿನಿಂದ ಹೇಳಿದ್ರು. ನಿಮ್ಮ ಟವೆಲ್ಲೂ ಕಂಡಿತ್ತು. ನಿಮ್ಮನ್ನ ದಾಟಿ ಆಚೆ ಇಳಿಸ್ತೀನಿ ಅಂತಲೇ ಬಂದೆ. ನನಗೆ ಬೇಡ ಅನ್ನೋಕೆ ಇವನ್ಯಾರು ಅನ್ನಿಸ್ತು. ಕೊನೇ ಗಳಿಗೇಲಿ ಯಾಕೋ..."

ಪೈಲಟ್ ಕಲ್ಲನ್ನು ಇನ್ನೂ ಕೈಯಿಂದ ಬಿಟ್ಟಿರಲಿಲ್ಲ. ವಿರುಪಣ್ಣ ಮೆಲ್ಲಗೆ ಅದನ್ನು ಬಿಡಿಸಿಕೊಂಡ.