ನಜ್ಮಿಯೆ ಮುಟ್ಟದ ಕಾಫಿ

ಹೈಫಾದ ವಾದಿ ನಿಸ್ನಾಸ್ ಕೇರಿಯಲ್ಲಿ ನಜ್ಮಿಯೆಯ ಕೈರುಚಿ ಅರಿಯದವರಿಲ್ಲ. ಗಂಡ ಬಂದರಿನಲ್ಲಿ ಮೂಟೆ ಹೊರುತ್ತಿದ್ದರೆ, ಇವಳು ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿ ಮಾರಿ ಮಕ್ಕಳನ್ನು ದಡ ಹತ್ತಿಸಿದಳು. ಮಾತು ಕಡಿಮೆ, ನಗು ಜಾಸ್ತಿ.

ಮೇಲಿನ ಬೀದಿಯ ಪೆನೀನಾ ರೊಮೇನಿಯಾದಿಂದ ಬಂದ ಯಹೂದಿ ಹೆಂಗಸು, ಇವಳ ಹಳೆಯ ಗೆಳತಿ. ಅವಳ ಮನೆಯ ಕೆಳಗಿನ ಕೋಣೆಯಲ್ಲಿ ಪ್ರತಿ ಗುರುವಾರ ಅರಬ್ಬರ ಮನೆಯ ಹೆಂಗಸರೂ ಯಹೂದಿಗಳ ಮನೆಯ ಹೆಂಗಸರೂ ಕೂಡಿ ಅಡುಗೆ ಮಾಡುತ್ತಿದ್ದರು. ಯುದ್ಧ ಬಂತು. ಪೆನೀನಾಳ ಮೊಮ್ಮಗ ಸೇನೆಗೆ ಹೋದ. ಗಾಜಾಕ್ಕೆ ಕೊಟ್ಟಿದ್ದ ನಜ್ಮಿಯೆಯ ತಂಗಿ ಮನೆ ಕಳೆದುಕೊಂಡು ಡೇರೆ ಸೇರಿದಳು. ಯಾರು ಯಾರ ಮುಖ ನೋಡುವುದು? ಕೋಣೆಗೆ ಬೀಗ ಬಿತ್ತು.

ಕದನವಿರಾಮದ ಸುದ್ದಿ ಬಂದ ವಾರ ಮೊಮ್ಮಗ ಮನೆಗೆ ಮರಳಿದ. ತಂಗಿಯ ದನಿಯೂ ಫೋನಿನಲ್ಲಿ ಕೇಳಿಸಿತು. ನಜ್ಮಿಯೆ ಹಬ್ಬದ ನಿಲುವಂಗಿ ತೊಟ್ಟು ಏರು ಹತ್ತಿದಳು. ಕೋಣೆ ಈಗ ತೆಗೆಯದಿದ್ದರೆ ಆ ಹೆಂಗಸರು ಇನ್ನೆಂದೂ ಕೂಡುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು.

ಪೆನೀನಾ ಕಾಫಿ ತಂದಿಟ್ಟಳು. ನಜ್ಮಿಯೆ ಮುಟ್ಟಲಿಲ್ಲ. ಅವಳ ಜನರಲ್ಲಿ ದೊಡ್ಡದೊಂದನ್ನು ಬೇಡಲು ಹೋದವರು, ಮನೆಯವರು ಏನು ಬೇಕೆಂದು ವಿಚಾರಿಸಿ ಒಪ್ಪುವವರೆಗೆ ಕಾಫಿ ಕುಡಿಯುವುದಿಲ್ಲ. ಇಷ್ಟು ವರ್ಷದ ಗೆಳೆತನದಲ್ಲಿ ಹಾಗೆ ಬೇಡುವ ಪ್ರಸಂಗವೇ ಬಂದಿರಲಿಲ್ಲವಾಗಿ ಪೆನೀನಾಗೆ ಇದು ತಿಳಿಯದು. ಸಕ್ಕರೆ ಸಾಲದೇನೋ ಎಂದು ಇನ್ನೊಂದು ಕಪ್ ತಂದಳು. ಆಮೇಲೆ ಹಾಲು ಬೆರೆಸಿದ್ದು, ಅದರ ಹಿಂದೆ ಚಹಾ. ಮೇಜು ತುಂಬಿತು. ಗೆಳತಿ ವಿಚಾರಿಸಲೆಂದು ನಜ್ಮಿಯೆ ಕಾದೇ ಕೂತಳು. ಪೆನೀನಾಳ ಮುಖ ಬಾಡಿತು.

"ನನ್ನ ಮನೇಲಿ ಒಂದು ಗುಟುಕು ಕುಡಿಯೋಕೂ ಮನಸ್ಸಿಲ್ವೇನೇ? ಅಷ್ಟು ದೂರ ಆಗ್ಹೋದ್ನಾ ನಾನು?"

ನಜ್ಮಿಯೆ ಗಾಬರಿಯಾದಳು. "ಅಯ್ಯೋ ಪೆದ್ದಿ, ನಾನೊಂದು ಕೇಳೋಕೆ ಬಂದಿದೀನಿ. ನೀನು ಹೂಂ ಅನ್ನೋವರ್ಗೂ ಕುಡಿಯೋ ಹಾಗಿಲ್ಲ ಕಣೇ. ನನ್ನ ಗಂಟಲು ಒಣಗಿ ಹೋಗಿದೆ."

ಪೆನೀನಾ ಸಾಲುಗಟ್ಟಿದ ಕಪ್ಪುಗಳನ್ನು ನೋಡಿದಳು. ನಗು ಉಕ್ಕಿತು; ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೆ ಕೋಣೆಯ ಮಾತು ಬಂದಾಗ ಪೆನೀನಾ ತಣ್ಣಗಾದಳು.

"ದೊಡ್ಡೋರು ಇವತ್ತು ಸಹಿ ಹಾಕ್ತಾರೆ, ನಾಳೆ ಹರಿದು ಬಿಸಾಕ್ತಾರೆ. ಮತ್ತೆ ಶುರುವಾದ್ರೆ?"

"ಆಗ್ಬೋದು. ಇಲ್ಲ ಅನ್ನಲ್ಲ ನಾನು. ಆದ್ರೆ ನಾವು ಬೀಗ ಹಾಕ್ಕೊಂಡು ಕೂತ್ರೆ ನನ್ನ ತಂಗಿಗೇನು ಬಂತು, ನಿನ್ನ ಮೊಮ್ಮಗನಿಗೇನು ಬಂತು?"

ಪೆನೀನಾ ಒಂದು ಕಪ್ಪನ್ನು ಅವಳತ್ತ ಸರಿಸಿದಳು. "ಆಯ್ತು, ತೆಗಿಯೋಣ. ಕುಡಿ ಮೊದ್ಲು," ಎಂದಳು.

ಗುರುವಾರ ಎಲ್ಲರೂ ಬರಲಿಲ್ಲ. ಬಂದವರೂ ಮೊದಮೊದಲು ತಲೆ ತಗ್ಗಿಸಿಕೊಂಡೇ ಎಲೆ ಸುತ್ತಿದರು. ಒಬ್ಬಳು ಅತ್ತಳು, ಪಕ್ಕದವಳು ಅವಳ ಪಾಲಿನ ಎಲೆಗಳನ್ನು ತನ್ನತ್ತ ಎಳೆದುಕೊಂಡು ಸುತ್ತಿದಳು. ಆಮೇಲೆ ಯಾರೋ ನಿಂಬೆ ಸಾಲದೆಂದರು, ಇನ್ಯಾರೋ ಈಗಲೇ ಹುಳಿ ಹಲ್ಲು ಜುಮ್ಮೆನ್ನಿಸುತ್ತಿದೆ ಎಂದರು. ಅಷ್ಟೇ ಸಾಕಾಯಿತು, ಎರಡು ಭಾಷೆಯ ಗಲಾಟೆ ಬೀದಿಗೆ ಕೇಳಿಸಿತು. ನಜ್ಮಿಯೆ ಯಾರ ಪರವೂ ಮಾತಾಡದೆ, ನಗುತ್ತಾ ಇನ್ನೊಂದು ಪಾತ್ರೆ ಒಲೆಗೇರಿಸಿದಳು.